‘ಸಾಯಬೇಕೆನಿಸುತ್ತದೆ’ ಎಂದವರಿಗೆ ಮೊದಲ ಉತ್ತರ

ಹಜ್ರತ್ ಮರ್ಯಮ್(ಅ)ರ ವೃತ್ತಾಂತವನ್ನು ನೀವೆಲ್ಲರೂ ಕೇಳಿದ್ದೀರಿ. ಹೆರಿಗೆಯ ನೋವು ಆ ಪುಣ್ಯವತಿಯನ್ನು ಖರ್ಜೂರದ ಮರದ ಬುಡಕ್ಕೆ ತಂದಿತ್ತು. ಇದಕ್ಕೆ ಮುಂಚೆಯೇ ತಾನು ಸತ್ತು ಜನರ ನೆನಪಿನಿಂದಲೂ ಅಳಿಸಿ ಹೋಗಿದ್ದರೆ ಎಷ್ಟು ಚೆನ್ನಾಗಿತ್ತು ಎಂಬ ಮಾತು ಅವರ ಬಾಯಿಂದ ಹೊರಟಿತು. ಅಲ್ಲಾಹನು ಸೂರಃ ಮರ್ಯಮ್‌ನಲ್ಲಿ ಇದನ್ನು ಮರೆಮಾಚದೆ ತಿಳಿಸಿದ್ದಾನೆ. ಅದು ಪ್ರಾಣ ಕಳೆದುಕೊಳ್ಳುವ ಸಂಕಲ್ಪವಾಗಿರಲಿಲ್ಲ, ನಿಜ. ಆದರೂ ಅಂತಹ ಮಹಾ ಮಹಿಳೆಗೇ ಮರಣ ಹಿತವೆನಿಸಿತ್ತಾದರೆ, ನಮ್ಮ ಮನೆಯ ಮಗ ಅಥವಾ ಸೊಸೆ ಹಾಗೆ ಹೇಳಿದೊಡನೆ ಈಮಾನ್ ಕೆಟ್ಟಿತೆಂದು ತೀರ್ಪು ಕೊಡಲು ನಾವು ಯಾರು?

ಅವರಿಗೆ ಬಂದ ಉತ್ತರವನ್ನು ಗಮನಿಸಿರಿ. ಅದರಲ್ಲಿ ಗದರಿಕೆ ಇರಲಿಲ್ಲ. ದುಃಖಿಸಬೇಡವೆಂಬ ಸಾಂತ್ವನವಿತ್ತು. ಕಾಲ ಬಳಿ ನೀರಿನ ತೊರೆಯಿತ್ತು, ತಿನ್ನಲು ತಾಜಾ ಖರ್ಜೂರವಿತ್ತು. ಜನರ ಪ್ರಶ್ನೆಗಳಿಗೆ ಉತ್ತರಿಸುವ ಹೊರೆ ಇಳಿಸಲು ಮೌನವ್ರತದ ಅಪ್ಪಣೆಯೂ ಇತ್ತು.

ನಾನು ಇದನ್ನು ಎಷ್ಟೋ ಸಲ ಪಾಠ ಹೇಳಿದ್ದೆ. ಆದರೆ ಸಂದರ್ಭ ಬಂದಾಗ ಮರೆತೆ. ಕೆಲವು ವರ್ಷಗಳ ಹಿಂದೆ ಒಂದು ಸಂಜೆ ಹಳೆಯ ವಿದ್ಯಾರ್ಥಿಯೊಬ್ಬ ಮದ್ರಸಕ್ಕೆ ಬಂದ. ಸಾಲ ಮಾಡಿ ಗಲ್ಫ್‌ಗೆ ಹೋಗಿ, ಕೆಲಸ ಕಳೆದುಕೊಂಡು ಮರಳಿದ್ದ. “ಉಸ್ತಾದ್, ನಾನಿಲ್ಲದಿದ್ದರೆ ಮನೆಯವರಿಗೆ ಸುಖ” ಎಂದ. ನಾನು ತಕ್ಷಣ ನರಕದ ಶಿಕ್ಷೆಯ ಹದೀಸ್‌ಗಳನ್ನು ಹೇಳತೊಡಗಿದೆ. ಅರ್ಧ ಗಂಟೆ ಹೇಳಿದೆ. ಅವನು ತಲೆ ತಗ್ಗಿಸಿ ಕೇಳಿ, ಸಲಾಮ್ ಹೇಳಿ ಹೋದ. ಉಪದೇಶ ಫಲಿಸಿತೆಂದು ಸಮಾಧಾನಪಟ್ಟೆ. ಮೂರನೆಯ ದಿನ ಅವನು ಆಸ್ಪತ್ರೆಯಲ್ಲಿದ್ದ. ಅಲ್ಲಾಹನ ಕೃಪೆ, ಬದುಕಿದ. ಮುಂದೊಮ್ಮೆ ಅವನೇ ಹೇಳಿದ: “ಹರಾಮ್ ಎಂದು ನನಗೆ ಗೊತ್ತಿತ್ತು, ನೀವೇ ಕಲಿಸಿದ್ದಿರಿ. ಅದನ್ನು ಕೇಳಲು ನಾನು ಬಂದಿರಲಿಲ್ಲ.”

ಹರಾಮ್ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಸೂರಃ ಅನ್ನಿಸಾದಲ್ಲಿ ಆ ನಿಷೇಧದ ಬೆನ್ನಿಗೇ ಅಲ್ಲಾಹನು ತಾನು ನಿಮ್ಮ ಮೇಲೆ ಕರುಣೆಯುಳ್ಳವನೆಂದು ತಿಳಿಸಿದ್ದಾನೆ. ನಾವು ಮೊದಲರ್ಧ ಹೇಳಿ ನಿಲ್ಲಿಸುತ್ತೇವೆ.

ಹಾಗಾದರೆ ಏನು ಮಾಡಬೇಕು? ಮೊದಲು ಕೇಳಬೇಕು, ನೇರವಾಗಿ ಕೇಳಬೇಕು. “ಪ್ರಾಣ ಕಳೆದುಕೊಳ್ಳುವ ಯೋಚನೆ ಬರುತ್ತಿದೆಯೇ?” ಎಂದು ಕೇಳಿದರೆ ಇಲ್ಲದ ಯೋಚನೆ ಹುಟ್ಟೀತೆಂದು ತಾಯಂದಿರು ಹೆದರುತ್ತಾರೆ. ಹಾಗಾಗುವುದಿಲ್ಲವೆಂದು ತಜ್ಞರು ಸ್ಪಷ್ಟವಾಗಿ ಹೇಳುತ್ತಾರೆ. ಒಳಗೇ ಬೇಯುತ್ತಿದ್ದವರಿಗೆ ಆ ಪ್ರಶ್ನೆಯಿಂದ ಉಸಿರಾಡಿದಂತಾಗುತ್ತದೆ. ಹೌದೆಂದರೆ ಬೆಚ್ಚಿಬೀಳದೆ ಮುಂದೆ ಕೇಳಿರಿ: ಹೇಗೆಂದು ಯೋಚಿಸಿದ್ದೀಯಾ? ಅದಕ್ಕೆ ಬೇಕಾದುದು ಕೈಯಲ್ಲಿದೆಯೇ? ಯಾವಾಗ ಎಂದು ನಿಶ್ಚಯಿಸಿದ್ದೀಯಾ? ಹಿಂದೆಂದಾದರೂ ಪ್ರಯತ್ನಿಸಿದ್ದೆಯಾ? ಉತ್ತರಗಳು ಎಷ್ಟು ಖಚಿತವೋ ಅಪಾಯ ಅಷ್ಟು ಹತ್ತಿರವಿದೆ ಎಂದು ತಿಳಿಯಿರಿ. ಹಿಂದೆ ಪ್ರಯತ್ನಿಸಿದವರ ವಿಷಯದಲ್ಲಂತೂ “ಹೆದರಿಸಲು ಹಾಗೆ ಹೇಳುತ್ತಾಳೆ” ಎಂಬ ಮಾತನ್ನು ಬಾಯಿಗೆ ತರಬೇಡಿರಿ. ಪ್ರೀತಿಯ ವಸ್ತುಗಳನ್ನು ಹಂಚುವುದು, ಎಲ್ಲರ ಬಳಿ ತಪ್ಪಾಯಿತೆಂದು ಬೀಳ್ಕೊಡುವಂತೆ ಮಾತನಾಡುವುದು, ಬಹುದಿನದ ಕಳವಳದ ನಂತರ ಏಕಾಏಕಿ ಶಾಂತವಾಗುವುದು, ಇವೂ ಲಕ್ಷಣಗಳೇ.

ನಮ್ಮಲ್ಲೊಂದು ರೂಢಿಯಿದೆ. ಕುರ್‌ಆನ್ ಮುಟ್ಟಿಸಿ ಆಣೆ ಹಾಕಿಸಿ, ಇನ್ನು ಭಯವಿಲ್ಲವೆಂದು ಮಲಗುವುದು. ಇಂತಹ ವಾಗ್ದಾನದಿಂದ ಜೀವ ಉಳಿಯುತ್ತದೆಂಬುದಕ್ಕೆ ಆಧಾರವಿಲ್ಲ. ಮತ್ತೆ ಯೋಚನೆ ಬಂದಾಗ, ಆಣೆ ಮುರಿದ ಪಾಪಿ ತಾನೆಂಬ ಅಂಜಿಕೆಯಿಂದ ಆ ಜೀವ ಇನ್ನಷ್ಟು ಬಾಯಿ ಮುಚ್ಚೀತು. ಅದರ ಬದಲು ಇಬ್ಬರೂ ಕುಳಿತು ಒಂದು ಚೀಟಿ ಬರೆಯಿರಿ. ಯೋಚನೆ ಯಾವ ಹೊತ್ತಿನಲ್ಲಿ ಏಳುತ್ತದೆ, ಆಗ ತಾನೇ ಏನು ಮಾಡಬಹುದು (ವುಝೂ ಮಾಡಿ ಎರಡು ರಕ್‌ಅತ್ ನಮಾಝ್, ಅಥವಾ ಅಂಗಡಿಯ ತನಕ ನಡೆದು ಬರುವುದು), ತಡೆಯದಿದ್ದರೆ ಯಾರನ್ನು ಕರೆಯಬೇಕು, ಅವರು ಸಿಗದಿದ್ದರೆ ಯಾರು. ಮಾತು ಅವನದಿರಲಿ, ನಿಮ್ಮದಲ್ಲ.

ಅದೇ ದಿನ ತೋಟದ ಕೀಟನಾಶಕ, ಕಪಾಟಿನಲ್ಲಿ ಉಳಿದ ಮಾತ್ರೆಗಳು ಮನೆಯಿಂದ ಹೊರಹೋಗಲಿ. ಮರಣದ ತೀವ್ರ ಆವೇಗ ಅನೇಕರಲ್ಲಿ ಕೆಲವೇ ಹೊತ್ತು ಇರುತ್ತದೆ. ಆ ಹೊತ್ತಿನಲ್ಲಿ ಸಾಧನ ಕೈಗೆಟುಕದಿರುವುದೇ ಜೀವದಾನ. ಅತ್ಯಂತ ಅಪಾಯಕಾರಿ ಕೀಟನಾಶಕಗಳನ್ನು ನಿಷೇಧಿಸಿದ ಬಳಿಕ ಶ್ರೀಲಂಕಾದಲ್ಲಿ ಆತ್ಮಹತ್ಯೆಗಳು ಬಹಳಷ್ಟು ಇಳಿದವು. ಅಪಾಯ ಹತ್ತಿರವಿದ್ದರೆ ಒಂಟಿಯಾಗಿ ಬಿಡಬೇಡಿರಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿರಿ. “ಗುಟ್ಟಾಗಿರಲಿ” ಎಂದು ಬೇಡಿಕೊಂಡರೂ ಈ ಗುಟ್ಟನ್ನು ಒಬ್ಬರೇ ಹೊರಬಾರದು.

ವೈದ್ಯರ ಬಳಿ ಹೋಗುವುದು ತವಕ್ಕುಲ್‌ಗೆ ವಿರುದ್ಧವಲ್ಲ. ಚಿಕಿತ್ಸೆ ಪಡೆಯಿರೆಂದು ಪ್ರವಾದಿವರ್ಯರು(ಸ) ಆಜ್ಞಾಪಿಸಿದ್ದಾರೆ. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಅಬೂ ಝೈದ್ ಅಲ್‌ಬಲ್ಖೀ ಎಂಬ ವಿದ್ವಾಂಸರು ದೇಹ ಮತ್ತು ಮನಸ್ಸು ಎರಡರ ಆರೋಗ್ಯದ ಬಗ್ಗೆಯೂ ಒಂದೇ ಗ್ರಂಥದಲ್ಲಿ ಬರೆದರು. ಕಾರಣ ತಿಳಿದಿರುವ ದುಃಖ ಬೇರೆ, ಕಾರಣವೇ ಕಾಣದ ದುಃಖ ಬೇರೆ ಎಂದು ಅವರು ಅಂದೇ ವಿಂಗಡಿಸಿದ್ದರು! ಇಂದು ಟೆಲಿ ಮಾನಸ್ ಎಂಬ ಸರಕಾರಿ ಸೇವೆಯಿದೆ. 2022ರಲ್ಲಿ ಆರಂಭವಾದ ಇದಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಪೊಲೀಸ್ ಕೇಸಿನ ಭಯದಿಂದ ಆಸ್ಪತ್ರೆಗೆ ತಡಮಾಡುವವರೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ, ಪ್ರಯತ್ನಿಸಿ ಬದುಕಿದವರನ್ನು ತೀವ್ರ ಮಾನಸಿಕ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು. ಅವರಿಗೆ ಆರೈಕೆ ಒದಗಿಸುವುದು ಸರಕಾರದ ಹೊಣೆ.

ಆಸ್ಪತ್ರೆಯಿಂದ ಮನೆಗೆ ಬಂದೊಡನೆ ಎಲ್ಲ ಮುಗಿಯಿತೆಂದುಕೊಳ್ಳಬೇಡಿರಿ. ಮರಳಿದ ಮೊದಲ ಕೆಲವು ವಾರಗಳೇ ಅತ್ಯಂತ ಸೂಕ್ಷ್ಮ. ಆಗ ನೆಂಟರು ಸಾಲು ಸಾಲಾಗಿ ಬಂದು ಬುದ್ಧಿ ಹೇಳುವುದಕ್ಕಿಂತ, ಒಬ್ಬರು ದಿನಾ ಬಂದು ಸುಮ್ಮನೆ ಜೊತೆಗೆ ಕೂತರೆ ಒಳಿತು. ನನ್ನ ಆ ವಿದ್ಯಾರ್ಥಿ ಈಗಲೂ ಗುರುವಾರ ಅಸರ್ ಬಳಿಕ ಬರುತ್ತಾನೆ. ಜಮಾಅತಿನ ಕೆಲವರು ಸೇರಿ ಅವನ ಸಾಲಕ್ಕೆ ಕಂತು ಮಾಡಿಸಿಕೊಟ್ಟರು. ನನ್ನ ಅರ್ಧ ಗಂಟೆಯ ಉಪದೇಶಕ್ಕಿಂತ ಆ ಕಂತು ಹೆಚ್ಚು ಕೆಲಸ ಮಾಡಿತೆಂದು ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಈ ಪುಟವನ್ನು ಓದುತ್ತಿರುವ ಕೆಲವು ಮನೆಗಳಲ್ಲಿ ಒಬ್ಬರು ಆಗಲೇ ಹೋಗಿಬಿಟ್ಟಿರಬಹುದು. ಅವರಿಗೊಂದು ಮಾತು. ತುಫೈಲ್ ಬಿನ್ ಅಮ್ರ್(ರ)ರೊಂದಿಗೆ ಹಿಜ್ರತ್ ಬಂದ ಒಬ್ಬರು ರೋಗದ ಬಾಧೆ ತಾಳಲಾರದೆ ತಮ್ಮ ಕೈಗೆ ತಾವೇ ಗಾಯ ಮಾಡಿಕೊಂಡು ತೀರಿಕೊಂಡರು. ತುಫೈಲ್(ರ) ಕನಸಿನಲ್ಲಿ ಅವರನ್ನು ಒಳ್ಳೆಯ ಸ್ಥಿತಿಯಲ್ಲಿ ಕಂಡರು, ಆದರೆ ಕೈಗಳು ಮುಚ್ಚಿದ್ದವು. ಇದನ್ನು ಕೇಳಿದ ಪ್ರವಾದಿವರ್ಯರು(ಸ) ಆ ಕೈಗಳನ್ನೂ ಕ್ಷಮಿಸೆಂದು ಅಲ್ಲಾಹನಲ್ಲಿ ಬೇಡಿದರೆಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ನೀವೂ ನಿಮ್ಮವರಿಗಾಗಿ ದುಆ ಮಾಡಿರಿ, ಯಾರ ಅಪ್ಪಣೆಗೂ ಕಾಯಬೇಡಿರಿ. ಅಂತಹ ಮನೆಗೆ ಹೋಗುವ ನೆರೆಹೊರೆಯವರೇ, ಏಕೆ ಹೀಗಾಯಿತೆಂದು ಕೇಳದೆ, ಊಟ ಕಟ್ಟಿಕೊಂಡು ಹೋಗಿರಿ.