ನಾರ್ಮಲ್ ರಿಪೋರ್ಟು ಮತ್ತು ನಿಜವಾದ ನೋವು

ಎದೆ ಢವಢವ, ಕೈಕಾಲು ಸೆಳೆತ, ಬಿಡದ ಸುಸ್ತು, ಹೊಟ್ಟೆಯ ಸಂಕಟ, ಹತ್ತದ ನಿದ್ದೆ: ಆಸ್ಪತ್ರೆಗಳ ಹೊರರೋಗಿ ವಿಭಾಗಕ್ಕೆ ದಿನನಿತ್ಯ ಬರುವ ದೂರುಗಳಿವು. ರಕ್ತ ಪರೀಕ್ಷೆ, ಇಸಿಜಿ, ಸ್ಕ್ಯಾನಿಂಗ್ ಮುಗಿದ ಮೇಲೆ ಹಲವರಿಗೆ ಸಿಗುವ ಉತ್ತರ ಒಂದೇ: ‘ರಿಪೋರ್ಟ್ ಎಲ್ಲ ನಾರ್ಮಲ್, ನಿಮಗೇನೂ ಇಲ್ಲ.’ ಈ ಒಂದು ಮಾತಿನೊಳಗೆ ಮೂರು ಹೇಳಿಕೆಗಳು ಕಲೆತಿವೆ. ಒಂದು, ಮಾಡಿದ ಪರೀಕ್ಷೆಗಳು ಹಿಡಿಯಬಲ್ಲ ದೋಷ ಯಾವುದೂ ಸಿಕ್ಕಿಲ್ಲ. ಎರಡು, ಈ ವ್ಯಕ್ತಿಗೆ ಕಾಯಿಲೆಯೇ ಇಲ್ಲ. ಮೂರು, ಹೇಳುತ್ತಿರುವ ನೋವು ಬರೀ ಭ್ರಮೆ. ಮೊದಲನೆಯದು ಪರೀಕ್ಷೆಯಿಂದ ತಿಳಿದ ಸಂಗತಿ. ಉಳಿದೆರಡು ಅದರಿಂದ ಸಿದ್ಧವಾಗುವುದಿಲ್ಲ. ಈ ಮೂರನ್ನು ಬೇರ್ಪಡಿಸದೆ ಇರುವುದರಿಂದಲೇ ಎಷ್ಟೋ ಜನ ಒಬ್ಬ ವೈದ್ಯರಿಂದ ಇನ್ನೊಬ್ಬರ ಬಳಿಗೆ ಅಲೆದು, ಕೊನೆಗೆ ಮನೆಯವರ ಕಣ್ಣಲ್ಲಿ ನೆಪ ಹೇಳುವವರಾಗುತ್ತಾರೆ. ಇದರ ಬೇರಿರುವುದು ಒಂದು ಹಳೆಯ ನಂಬಿಕೆಯಲ್ಲಿ: ದೇಹದ ಕಾಯಿಲೆ ಅಳೆದು ತೋರಿಸಬಹುದಾದ ನಿಜ, ಮನಸ್ಸಿನದು ಅಂಥದ್ದಲ್ಲ. ಪರಿಶೀಲಿಸಿ ನೋಡಿದರೆ ಈ ನಂಬಿಕೆ ನಿಲ್ಲುವುದಿಲ್ಲ.

ಮೊದಲು ಅಳತೆಯ ಮಾತು. ಖಾಲಿ ಹೊಟ್ಟೆಯ ರಕ್ತದಲ್ಲಿ ಒಂದು ಡೆಸಿಲೀಟರಿಗೆ 126 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಗ್ಲೂಕೋಸ್ ಇದ್ದರೆ ಅದನ್ನು ಸಕ್ಕರೆ ಕಾಯಿಲೆ ಎನ್ನುತ್ತಾರೆ. 1997ರಲ್ಲಿ ಅಮೆರಿಕದ ಡಯಾಬಿಟಿಸ್ ಸಂಘ ಈ ಗಡಿಯನ್ನು ಪರಿಷ್ಕರಿಸುವ ಮುಂಚೆ ಅದು 140 ಇತ್ತು. ಗಡಿ ಇಳಿದಾಗ, 130 ಇದ್ದವರ ರಕ್ತದಲ್ಲಿ ಏನೂ ಬದಲಾಗಿರಲಿಲ್ಲ. ಆದರೂ ಅವರು ರೋಗಿಗಳ ಸಾಲಿಗೆ ಸೇರಿದರು. ರಕ್ತದೊತ್ತಡದ ಕಥೆಯೂ ಹೀಗೆಯೇ. ಭಾರತದಲ್ಲಿ 140/90 ದಾಟಿದರೆ ಅಧಿಕ ರಕ್ತದೊತ್ತಡ. ಅಮೆರಿಕದ ಹೃದ್ರೋಗ ತಜ್ಞರ ಸಂಸ್ಥೆಗಳು 2017ರಲ್ಲಿ ಈ ಗಡಿಯನ್ನು 130/80ಕ್ಕೆ ಇಳಿಸಿದವು. ಹಾಗೆಂದು ಇವು ಮನಬಂದಂತೆ ಎಳೆದ ಗೆರೆಗಳಲ್ಲ. ಸಕ್ಕರೆಯ ಪ್ರಮಾಣ ಎಷ್ಟಾದಾಗ ಕಣ್ಣಿನ ರೆಟಿನಾಕ್ಕೆ ಹಾನಿ ಹೆಚ್ಚುತ್ತದೆ, ಒತ್ತಡ ಎಷ್ಟಾದಾಗ ಪಾರ್ಶ್ವವಾಯುವಿನ ಅಪಾಯ ಏರುತ್ತದೆ ಎಂಬುದನ್ನು ನೋಡಿಯೇ ಅವನ್ನು ಗೊತ್ತುಮಾಡಲಾಗಿದೆ. ಒಂದು ಅಂಕಿಗೆ ಕಾಯಿಲೆಯ ಹೆಸರು ಬರುವುದು ಅದು ಬದುಕಿಗೆ ತರುವ ಹಾನಿಯ ಕಾರಣಕ್ಕೆ. ಖಿನ್ನತೆಯನ್ನು ಗುರುತಿಸುವಾಗ ಮನೋವೈದ್ಯರು ನೋಡುವುದೂ ಹಾನಿಯನ್ನೇ: ಬೇಸರ ಅಥವಾ ನಿರಾಸಕ್ತಿ ಕನಿಷ್ಠ ಎರಡು ವಾರ ಬಿಡದೆ ಕಾಡಿದೆಯೆ, ನಿದ್ದೆ, ಹಸಿವು, ಗಮನ ಕೆಟ್ಟಿವೆಯೆ, ದಿನದ ಕೆಲಸ ಕುಂಟುತ್ತಿದೆಯೆ. ಒಂದು ಕಡೆ ಯಂತ್ರ ಅಳೆಯುತ್ತದೆ, ಇನ್ನೊಂದು ಕಡೆ ವೈದ್ಯರು ಕೇಳಿ ತಿಳಿಯುತ್ತಾರೆ. ನಿರ್ಣಯದ ಹಿಂದಿನ ತರ್ಕ ಎರಡೂ ಕಡೆ ಒಂದೇ.

ನೋವಿಗಂತೂ ಯಾವ ಮೀಟರೂ ಇಲ್ಲ. ಕತ್ತರಿಸಿ ತೆಗೆದ ಕಾಲು ನೋಯುತ್ತಿದೆ ಎಂದು ಹೇಳುವ ರೋಗಿಗಳನ್ನು ವೈದ್ಯಕೀಯ ಲೋಕ ಶತಮಾನಗಳಿಂದ ಕಂಡಿದೆ. ಇಲ್ಲದ ಕಾಲಿನಲ್ಲಿ ನೋವಿರುತ್ತದೆ. ಇರುವ ಗಾಯದಲ್ಲಿ ನೋವು ಕಾಣದೆಯೂ ಇರಬಹುದು. ಎರಡನೆಯ ಮಹಾಯುದ್ಧದಲ್ಲಿ ಇಟಲಿಯ ರಣರಂಗದಲ್ಲಿ ತೀವ್ರವಾಗಿ ಗಾಯಗೊಂಡಿದ್ದ ಸೈನಿಕರಲ್ಲಿ ಬಹುಮಂದಿ ನೋವಿನ ಔಷಧ ಬೇಡವೆಂದಿದ್ದನ್ನು ಅಮೆರಿಕದ ವೈದ್ಯ ಹೆನ್ರಿ ಬೀಚರ್ ದಾಖಲಿಸಿದರು. ಗಾಯವೆಂದರೆ ಯುದ್ಧದಿಂದ ಬಿಡುಗಡೆ ಎಂಬ ಅರ್ಥವೇ ನೋವನ್ನು ತಗ್ಗಿಸಿತ್ತು ಎಂದು ಅವರು ತರ್ಕಿಸಿದರು. ನೋವಿನ ಅಧ್ಯಯನಕ್ಕೆ ಮೀಸಲಾದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ತನ್ನ ವ್ಯಾಖ್ಯೆಯನ್ನು ಪರಿಷ್ಕರಿಸಿದಾಗ, ನೋವಿದೆ ಎಂದು ವ್ಯಕ್ತಿ ಹೇಳಿದರೆ ಆ ಮಾತನ್ನು ಗೌರವಿಸಬೇಕು ಎಂದು ಸ್ಪಷ್ಟವಾಗಿ ಸೇರಿಸಿತು. ಅಂಗಕ್ಕಾದ ಹಾನಿ ಮತ್ತು ಅನುಭವಿಸುವ ನೋವು ಸಾಮಾನ್ಯವಾಗಿ ಜೊತೆಗಿರುತ್ತವೆ, ಆದರೆ ಅವು ಒಂದೇ ಅಲ್ಲ.

ದೇಹ ಮತ್ತು ಮನಸ್ಸನ್ನು ಎರಡು ಬೇರೆ ದ್ರವ್ಯಗಳಾಗಿ ಒಡೆದ ವಾದಕ್ಕೆ ಸಾಮಾನ್ಯವಾಗಿ ಫ್ರಾನ್ಸಿನ ತತ್ತ್ವಜ್ಞಾನಿ ರೆನೆ ಡೆಕಾರ್ಟ್‌ನ ಹೆಸರು ಹೇಳುತ್ತಾರೆ. ಅವನ ‘ಮೆಡಿಟೇಷನ್ಸ್’ 1641ರಲ್ಲಿ ಪ್ರಕಟವಾಯಿತು. 1643ರಲ್ಲೇ ಬೊಹೀಮಿಯಾದ ರಾಜಕುಮಾರಿ ಎಲಿಜಬೆತ್ ಪತ್ರ ಬರೆದು ಕೇಳಿದಳು: ಆಕಾರವೇ ಇಲ್ಲದ ಆತ್ಮ ದೇಹವನ್ನು ಹೇಗೆ ಚಲಿಸುವಂತೆ ಮಾಡಬಲ್ಲದು? ಡೆಕಾರ್ಟ್ ಕೊಟ್ಟ ಉತ್ತರಗಳು ಅವಳಿಗೆ ತೃಪ್ತಿ ಕೊಡಲಿಲ್ಲ. ಎರಡು ವರ್ಷಗಳ ನಂತರ ಅವಳಿಗೆ ಸಣ್ಣ ಜ್ವರ, ಒಣಕೆಮ್ಮು ಕಾಡಿದಾಗ, ಇಂಥ ಜ್ವರಕ್ಕೆ ಎಲ್ಲಕ್ಕಿಂತ ಸಾಮಾನ್ಯ ಕಾರಣ ದುಃಖ ಎಂದು ಬರೆದವನು ಅದೇ ಡೆಕಾರ್ಟ್. ಸಿದ್ಧಾಂತದಲ್ಲಿ ಒಡೆದದ್ದನ್ನು ಕಾಯಿಲೆಯೆದುರು ಅವನೇ ಕೂಡಿಸಬೇಕಾಯಿತು. ಭಾರತದ ವೈದ್ಯ ಪರಂಪರೆ ಈ ಒಡಕನ್ನು ಇಷ್ಟು ಆಳಕ್ಕೆ ಒಯ್ದಿರಲಿಲ್ಲ. ಚರಕ ಸಂಹಿತೆ ದೇಹ ಮತ್ತು ಮನಸ್ಸು ಎರಡನ್ನೂ ರೋಗದ ಆಶ್ರಯವೆಂದಿತು. ಸುಶ್ರುತ ಸಂಹಿತೆ ಸ್ವಸ್ಥನ ಲಕ್ಷಣ ಹೇಳುವಾಗ ಜೀರ್ಣಶಕ್ತಿ, ಧಾತುಗಳ ಜೊತೆಗೆ ಮನಸ್ಸಿನ ಪ್ರಸನ್ನತೆಯನ್ನೂ ಎಣಿಸಿತು.

ಇಂದಿನ ಶರೀರವಿಜ್ಞಾನ ಈ ನಂಟಿನ ವಿವರಗಳನ್ನು ಕೊಡುತ್ತದೆ. ಪ್ಯಾನಿಕ್ ಅಟ್ಯಾಕ್ ಬಂದಾಗ ಅಡ್ರಿನಲಿನ್ ಏರಿ ಹೃದಯ ನಿಜವಾಗಿಯೇ ಜೋರಾಗಿ ಬಡಿಯುತ್ತದೆ. ಉಸಿರಾಟ ವೇಗವಾಗಿ ರಕ್ತದ ಇಂಗಾಲದ ಡೈಆಕ್ಸೈಡ್ ಕುಸಿಯುತ್ತದೆ. ಅದರಿಂದ ಬೆರಳುಗಳು ಜುಮುಗುಟ್ಟುತ್ತವೆ, ತಲೆ ಸುತ್ತುತ್ತದೆ. ಹುಟ್ಟು ಭಯದಲ್ಲಿರಬಹುದು, ಆದರೆ ನಡೆಯುವುದೆಲ್ಲ ದೇಹದಲ್ಲಿ. ದಾರಿ ಹಿಂದಕ್ಕೂ ಇದೆ. ಥೈರಾಯ್ಡ್ ಹಾರ್ಮೋನು ಕಡಿಮೆಯಾದರೆ ಖಿನ್ನತೆಯನ್ನೇ ಹೋಲುವ ಜಡತೆ, ಮಂಕು ಆವರಿಸುತ್ತದೆ. ಬಿ12 ಜೀವಸತ್ವದ ಕೊರತೆ ನೆನಪನ್ನೂ ಮನಃಸ್ಥಿತಿಯನ್ನೂ ಕೆಡಿಸಬಲ್ಲದು. ರಕ್ತಹೀನತೆ ಸುಸ್ತನ್ನೂ ಎದೆಬಡಿತವನ್ನೂ ತರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆಯಿತ್ತು. ಹೀಗಿರುವಾಗ ಹೆಣ್ಣೊಬ್ಬಳ ಸುಸ್ತನ್ನು ಪರೀಕ್ಷಿಸದೆ ‘ಎಲ್ಲ ಟೆನ್ಷನ್’ ಎಂದು ತಳ್ಳಿಹಾಕುವುದು, ಪರೀಕ್ಷೆ ಮುಗಿದ ಮೇಲೆ ‘ಏನೂ ಇಲ್ಲ’ ಎನ್ನುವಷ್ಟೇ ದೊಡ್ಡ ತಪ್ಪು. ಎರಡೂ ತಪ್ಪುಗಳು ಒಂದೇ ಒಡಕಿನಿಂದ ಹುಟ್ಟಿದವು.

ಇಲ್ಲಿ ಒಂದು ಗಂಭೀರ ಆಕ್ಷೇಪ ಏಳುತ್ತದೆ. ಅನುಭವವೇ ಪ್ರಮಾಣವಾದರೆ ಬದುಕಿನ ಪ್ರತಿ ದುಃಖವೂ ಕಾಯಿಲೆಯಾಗುವುದಿಲ್ಲವೆ? ಆತಂಕಕ್ಕೆ ಆಧಾರವಿದೆ. 1851ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ವೈದ್ಯ, ಗುಲಾಮರು ಯಜಮಾನರಿಂದ ತಪ್ಪಿಸಿಕೊಂಡು ಓಡುವುದನ್ನೇ ಒಂದು ಮನೋರೋಗವೆಂದು ಹೆಸರಿಟ್ಟ. ಸಲಿಂಗಪ್ರೇಮ ಅಮೆರಿಕದ ಮನೋವೈದ್ಯರ ರೋಗಪಟ್ಟಿಯಲ್ಲಿ 1973ರವರೆಗೂ ಇತ್ತು. ಇನ್ನು 1948ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನ ಆರೋಗ್ಯವನ್ನು ದೈಹಿಕ, ಮಾನಸಿಕ, ಸಾಮಾಜಿಕವಾದ ಪೂರ್ಣ ಕ್ಷೇಮವೆಂದು ಕರೆಯಿತು. ಆ ಅಳತೆಗೋಲಿನಲ್ಲಿ ಆರೋಗ್ಯವಂತರು ಸಿಗುವುದೇ ಕಷ್ಟ.

ಆದರೆ ಈ ಉದಾಹರಣೆಗಳು ತೋರಿಸುವುದು ಬೇರೆಯದನ್ನೇ. ಓಡಿಹೋದ ಗುಲಾಮನನ್ನಾಗಲಿ, ಸಲಿಂಗಪ್ರೇಮಿಯನ್ನಾಗಲಿ ರೋಗಿಯೆಂದದ್ದು ಅವರ ಅನುಭವವನ್ನು ಕೇಳಿ ಅಲ್ಲ. ಅಧಿಕಾರವಿದ್ದವರಿಗೆ, ಸಮಾಜಕ್ಕೆ ಒಗ್ಗದ್ದನ್ನು ರೋಗವೆಂದು ಕರೆಯಲಾಯಿತು. ದುಃಖ ಮತ್ತು ಕಾಯಿಲೆಯ ನಡುವೆ ಗೆರೆ ಎಳೆಯಲು ಬೇಕಾದ ಪ್ರಶ್ನೆಗಳು ಮೂರು: ಎಷ್ಟು ಕಾಲದಿಂದ, ಎಷ್ಟು ತೀವ್ರವಾಗಿ, ಬದುಕಿನ ಎಷ್ಟು ಭಾಗವನ್ನು ಕಸಿದುಕೊಂಡು? ಫ್ರಾನ್ಸಿನ ವೈದ್ಯ ಮತ್ತು ತತ್ತ್ವಜ್ಞಾನಿ ಜಾರ್ಜ್ ಕಾಂಗಿಲೆಮ್ 1943ರ ತನ್ನ ಪ್ರಬಂಧದಲ್ಲಿ, ಬದಲಾದ ಪರಿಸ್ಥಿತಿಗೆ ತಕ್ಕಂತೆ ಹೊಸ ಕ್ರಮಗಳನ್ನು ಕಟ್ಟಿಕೊಳ್ಳುವ ಶಕ್ತಿಯೇ ಆರೋಗ್ಯ ಎಂದ. ಮನೆಯಲ್ಲಿ ಸಾವಾದ ಮೇಲೆ ಅಳುವವರಿಗೆ ಆ ಶಕ್ತಿ ಉಳಿದಿರುತ್ತದೆ. ದುಃಖ ಏರಿಳಿಯುತ್ತ ಕ್ರಮೇಣ ದಿನಚರಿ ಮರಳುತ್ತದೆ. ತಿಂಗಳುಗಟ್ಟಲೆ ಹಾಸಿಗೆ ಬಿಟ್ಟೇಳಲಾಗದೆ, ಬದುಕೇ ಬೇಡವೆನ್ನಿಸುವವರಲ್ಲಿ ಕುಗ್ಗಿರುವುದು ಆ ಶಕ್ತಿಯೇ.

ಇಂಥ ಅಳತೆಗೋಲನ್ನು ಕರ್ನಾಟಕದ ನೆಲದಲ್ಲೇ ಬಳಸಿ ನೋಡಲಾಗಿದೆ. ಶಿವರಾಮ ಕಾರಂತರ ಹುಟ್ಟೂರಾದ ಕೋಟದಲ್ಲಿ ಜಿ. ಎಂ. ಕಾರ್ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಎಂಬ ಮನೋವೈದ್ಯರು ನಡೆಸಿದ ಅಧ್ಯಯನ 1976ರಲ್ಲಿ ಪುಸ್ತಕವಾಗಿ ಬಂತು. ಬ್ರಾಹ್ಮಣ, ಬಂಟ, ಮೊಗವೀರ ಸಮುದಾಯಗಳ ಜನರನ್ನು ಮಾತನಾಡಿಸಿದ ಅವರು ಲಕ್ಷಣಗಳ ಲೆಕ್ಕಕ್ಕೆ ನಿಲ್ಲದೆ, ವ್ಯಕ್ತಿಯ ಸಾಮಾಜಿಕ ಬದುಕು ಎಷ್ಟು ಕುಂಠಿತವಾಗಿದೆ ಎಂಬುದನ್ನೂ ಪ್ರತ್ಯೇಕವಾಗಿ ಅಳೆದರು. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್, ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಸಿಬ್ಬಂದಿಗೂ ಮಾನಸಿಕ ಕಾಯಿಲೆಗಳನ್ನು ಗುರುತಿಸಿ ಚಿಕಿತ್ಸೆ ಕೊಡಲು ತರಬೇತಿ ನೀಡಿತು. ಜ್ವರಕ್ಕೆ ಮಾತ್ರೆ ಕೊಡುವ ಕೊಠಡಿಯಲ್ಲೇ ಖಿನ್ನತೆಗೂ ಔಷಧ ಸಿಗಬಹುದು ಎಂಬುದನ್ನು ಆ ಪ್ರಯೋಗ ತೋರಿಸಿಕೊಟ್ಟಿತು. 1996ರಲ್ಲಿ ಆರಂಭವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ.

ಆದರೂ ದೂರ ಬಹಳ ಉಳಿದಿದೆ. ನಿಮ್ಹಾನ್ಸ್ ನೇತೃತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ವಯಸ್ಕರ ಪೈಕಿ ಶೇ. 10.6ರಷ್ಟು ಮಂದಿಯಲ್ಲಿ ಆ ಹೊತ್ತಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆ ಕಂಡುಬಂತು. ಚಿಕಿತ್ಸೆ ಸಿಗದವರ ಪ್ರಮಾಣ ಬೇರೆ ಬೇರೆ ಕಾಯಿಲೆಗಳಲ್ಲಿ ಶೇ. 70ರಿಂದ 92ರವರೆಗೆ ಇತ್ತು. ವೈದ್ಯರ ಕೊರತೆ ಇದಕ್ಕೆ ಒಂದು ಕಾರಣ, ನಾಚಿಕೆ ಇನ್ನೊಂದು. ‘ಚಿಂತೆಯೇ ಮುಪ್ಪು’ ಎಂದು ಮನಸ್ಸು ಮೈಯನ್ನು ಸವೆಸುವುದನ್ನು ಬಲ್ಲ ಕನ್ನಡದ ಗಾದೆಗಳೇ ‘ಮನೋವ್ಯಾಧಿಗೆ ಮದ್ದಿಲ್ಲ’ ಎಂದೂ ಹೇಳಿವೆ. ಮೊದಲನೆಯದು ಇಂದಿಗೂ ನಿಜ. ಎರಡನೆಯದು ಹಾಗಲ್ಲ: ಖಿನ್ನತೆ ಮತ್ತು ಆತಂಕದ ಕಾಯಿಲೆಗಳಿಗೆ ಆಪ್ತಸಮಾಲೋಚನೆ ಮತ್ತು ಔಷಧಗಳಿಂದ ಬಹಳಷ್ಟು ಜನರಿಗೆ ಗುಣವಾಗುತ್ತದೆ.

ಈ ವಾದದಿಂದ ಆಚರಣೆಗೆ ಬರಬೇಕಾದದ್ದು ಸರಳ. ಎದೆನೋವು, ಹಠಾತ್ ನಿಶ್ಶಕ್ತಿ, ಕಾರಣವಿಲ್ಲದೆ ತೂಕ ಇಳಿಯುವುದು ಇವನ್ನು ಮೊದಲು ದೇಹದ ಕಾಯಿಲೆಯೆಂದೇ ಭಾವಿಸಿ ಪರೀಕ್ಷಿಸಬೇಕು. ಪರೀಕ್ಷೆಯಲ್ಲಿ ಏನೂ ಸಿಗದಿದ್ದರೆ ವೈದ್ಯರು ‘ಅಪಾಯದ ದೋಷ ಕಂಡಿಲ್ಲ, ನಿಮ್ಮ ನೋವು ಮಾತ್ರ ನಿಜ, ಮುಂದಿನದನ್ನು ನೋಡೋಣ’ ಎಂದು ಹೇಳಿ ನಿದ್ದೆ, ದುಡಿಮೆ, ಸಾಲ, ಸಂಸಾರ, ಭಯಗಳ ಬಗ್ಗೆ ಕೇಳಬೇಕು. ಮಾನಸಿಕ ಕಾಯಿಲೆಯುಳ್ಳವರಿಗೆ ದೈಹಿಕ ಕಾಯಿಲೆಯವರಿಗೆ ಸಮನಾದ ಆರೈಕೆಯನ್ನೂ ವಿಮೆಯನ್ನೂ ಕೊಡಬೇಕೆಂದು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ವಿಧಿಸಿದೆ. 2022ರಿಂದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲೂ ನೆರವು ಸಿಗುತ್ತದೆ. ಕಾನೂನೂ ವಿಜ್ಞಾನವೂ ದೇಹ-ಮನಸ್ಸುಗಳ ನೋವಿಗೆ ಸಮನಾದ ಸ್ಥಾನ ಕೊಟ್ಟಾಗಿದೆ. ಇನ್ನು ಕೊಡಬೇಕಾದವರು ಮನೆಯವರು, ನೆರೆಯವರು, ಜೊತೆಯಲ್ಲಿ ದುಡಿಯುವವರು: ಜ್ವರ ಎಂದಾಗ ನಂಬುವಂತೆ, ಮನಸ್ಸು ಸರಿಯಿಲ್ಲ ಎಂದಾಗಲೂ ನಂಬಬೇಕು.