ಠೇವಣಿ ಇಟ್ಟ ಹುಲ್ಲುಗಾವಲು

ಅಮೆರಿಕದ ಅಯೋವಾ ರಾಜ್ಯದ ಏಮ್ಸ್ ಎಂಬ ಊರಿನಲ್ಲಿ ಅಲ್ಲಿನ ಕೃಷಿ ಇಲಾಖೆಯ ಜೀನ್ ಬ್ಯಾಂಕ್ ಇದೆ. ಮೆಕ್ಕೆಜೋಳ, ಸೂರ್ಯಕಾಂತಿಗಳ ಬೀಜದ ಜೊತೆಗೆ ಎಕಿನೇಸಿಯಾ ಎಂಬ ಕಾಡುಹೂವಿನ ಬೀಜಗಳನ್ನೂ ಅಲ್ಲಿ ಶೀತಲಕೋಣೆಯಲ್ಲಿ ಕಾಪಾಡುತ್ತಾರೆ. ಅದರ ಇನ್ನೊಂದು ಹೆಸರು ಕೋನ್‌ಫ್ಲವರ್. ನಡುವೆ ಮುಳ್ಳುಮುಳ್ಳಾದ ಗುಬ್ಬಿ, ಸುತ್ತ ಜೋತುಬಿದ್ದ ನಸುನೇರಳೆ ಎಸಳು. ನಮ್ಮ ಹೋಮಿಯೋಪತಿ ಅಂಗಡಿಗಳ ಕಪಾಟಿನಲ್ಲಿ ಎಕಿನೇಸಿಯಾ ಎಂದು ಬರೆದ ಬಾಟಲಿ ಕಂಡಿದ್ದರೆ, ಅದು ಇದೇ ಗಿಡದ್ದು.

ಈ ಗಿಡದ ತವರು ಪ್ರೇರಿ ಹುಲ್ಲುಗಾವಲು. ಅಯೋವಾದಲ್ಲಿ ಒಂದು ಕಾಲಕ್ಕೆ ಆಳೆತ್ತರದ ಹುಲ್ಲು ತುಂಬಿದ್ದ ಬಯಲಿನಲ್ಲಿ ಇಂದು ಸಾವಿರಕ್ಕೆ ಒಂದು ಪಾಲೂ ಉಳಿದಿಲ್ಲ. ಉಳಿದದ್ದೆಲ್ಲ ನೇಗಿಲಿಗೆ ಹೋಯಿತು. ಬಯಲಿನ ಮೂಲನಿವಾಸಿಗಳು ಹಲ್ಲುನೋವಿಗೆ, ಹಾವಿನ ಕಡಿತಕ್ಕೆ ಬಳಸುತ್ತಿದ್ದ ಬೇರು ಮುಂದೆ ಮಾರುಕಟ್ಟೆಯ ಸರಕಾಯಿತು. ಕಾಡಿನಿಂದ ಬೇರು ಅಗೆದು ಮಾರುವವರು ಹೆಚ್ಚಿದರು. ಹೀಗಿರುವಾಗ ಬೀಜವನ್ನಾದರೂ ಎತ್ತಿಡೋಣ ಎಂದವರನ್ನು ದೂರುವುದು ಹೇಗೆ? ನಾನು ದೂರುವುದಿಲ್ಲ. ನನ್ನ ತಕರಾರು ಬೇರೆ.

ಕಾಡು ಎಕಿನೇಸಿಯಾದ ಬೀಜ ಹೇಳಿದಂತೆ ಕೇಳುವುದಿಲ್ಲ. ಹಸಿಮಣ್ಣಿನಲ್ಲಿ ಚಳಿಗಾಲ ಕಳೆದ ಮೇಲೆ ಕೆಲವು ಏಳುತ್ತವೆ, ಕೆಲವು ಆಗಲೂ ಮಲಗಿಯೇ ಇರುತ್ತವೆ. ಸೋಮಾರಿತನವಲ್ಲ ಅದು. ಈ ವರ್ಷ ಮಳೆ ಕೈಕೊಟ್ಟರೆ ಎದ್ದವು ಸಾಯುತ್ತವೆ, ಮಲಗಿದ್ದವು ವಂಶ ಉಳಿಸುತ್ತವೆ. ಆದರೆ ಶೀತಲಕೋಣೆಯಲ್ಲೂ ಬೀಜಕ್ಕೆ ವಯಸ್ಸಾಗುತ್ತದೆ. ಅದಕ್ಕೇ ಆಗಾಗ ಹೊರತೆಗೆದು, ಬಿತ್ತಿ, ಹೊಸ ಬೀಜ ಪಡೆಯಬೇಕು. ಬೇರೆ ಪರಾಗ ಬೆರೆಯದಿರಲೆಂದು ಗಿಡಗಳನ್ನು ಬಲೆಯ ಗೂಡಿನೊಳಗೆ ಬೆಳೆಸಿ, ಜೇನ್ನೊಣಗಳನ್ನು ಒಳಗೆ ಬಿಡುತ್ತಾರೆ. ತನ್ನದೇ ಪರಾಗದಿಂದ ಈ ಗಿಡ ಬೀಜ ಕಟ್ಟದು. ಮಲಗಿದ ಬೀಜವನ್ನು ಎಬ್ಬಿಸುವ ಉಪಚಾರಗಳೂ ಇವೆ. ಆದರೂ ಬೇಗ ಎದ್ದವು ಗೂಡು ಸೇರುತ್ತವೆ, ಏಳದವು ಹಿಂದೆ ಬೀಳುತ್ತವೆ. ಇದು ಯಾರೂ ಬೇಕೆಂದು ಮಾಡುವ ಆಯ್ಕೆಯಲ್ಲ. ಆದರೆ ತಲೆಮಾರು ಕಳೆದಂತೆ ಕಾಡುಬೀಜಕ್ಕೆ ವಿಧೇಯತೆಯ ಪಾಠವಾಗಬಹುದು. ಕಾಡುತನವನ್ನು ಉಳಿಸಲು ಹೊರಟು ಅದನ್ನೇ ಸವೆಸಿದಂತೆ.

ಬ್ಯಾಂಕ್ ಎಂಬ ಪದವೇ ನಮ್ಮನ್ನು ದಾರಿ ತಪ್ಪಿಸುತ್ತದೆಯೇನೋ. ಠೇವಣಿ ಇಟ್ಟರೆ ಬಡ್ಡಿ ಬರುತ್ತದೆ ಎಂದು ಬಲ್ಲ ನಾವು, ಇಲ್ಲಿ ಅಸಲೇ ಕರಗುತ್ತದೆ ಎಂಬುದನ್ನು ನೆನೆಯುವುದಿಲ್ಲ. ಇನ್ನೂ ದೊಡ್ಡ ಅಪಾಯ, ಠೇವಣಿ ಕೊಡುವ ಧೈರ್ಯ. ಬೀಜ ಭದ್ರವಾಗಿದೆಯಲ್ಲ, ಇನ್ನು ಆ ಗುಡ್ಡ ಉತ್ತರೇನು ಎಂಬ ಧೈರ್ಯ. ಆದರೆ ಗುಡ್ಡ ಬರಿಯ ಬೀಜದ ಚೀಲವಲ್ಲ. ಮಿನೆಸೊಟಾದ ಪ್ರೇರಿ ತುಣುಕುಗಳಲ್ಲಿ ಎಕಿನೇಸಿಯಾವನ್ನು ವರ್ಷಗಟ್ಟಲೆ ಗಮನಿಸಿದವರು ಕಂಡ ಪ್ರಕಾರ, ಬೆಂಕಿ ಹಾಯ್ದ ಮರುವರ್ಷ ಹೆಚ್ಚು ಗಿಡಗಳು ಒಟ್ಟಿಗೇ ಹೂ ಬಿಡುತ್ತವೆ, ಜೊತೆ ಸಿಗುತ್ತದೆ, ಬೀಜ ಹೆಚ್ಚುತ್ತದೆ. ಆ ಬೆಂಕಿಯನ್ನು ಯಾವ ಪೊಟ್ಟಣದಲ್ಲಿ ಇಡುವುದು?

ಟೆನೆಸಿಯ ಕೋನ್‌ಫ್ಲವರ್ ಕತೆ ನೋಡಿ. ನಿರ್ವಂಶವಾಯಿತೆಂದು ತಿಳಿದಿದ್ದ ಅದು 1960ರ ದಶಕದಲ್ಲಿ ನ್ಯಾಶ್‌ವಿಲ್ ಸುತ್ತಲ ಸುಣ್ಣಕಲ್ಲಿನ ತೆಳುಮಣ್ಣಿನಲ್ಲಿ ಮತ್ತೆ ಸಿಕ್ಕಿತು. 1979ರಲ್ಲಿ ಅಳಿವಿನಂಚಿನ ಪಟ್ಟಿ ಸೇರಿ, 2011ರಲ್ಲಿ ಹೊರಬಂತು. ಬೀಜ ಬಿತ್ತಿ ಹೊಸ ನೆಲೆಗಳನ್ನು ಎಬ್ಬಿಸಿದ್ದು ನಿಜ. ಆದರೆ ಬಿತ್ತಲು ನೆಲ ಇತ್ತು. ಅದನ್ನು ಕೊಂಡು, ಕಾದಿಟ್ಟಿದ್ದರು.

ಜೀನ್ ಬ್ಯಾಂಕಿನ ದಾಖಲೆಯಲ್ಲಿ ಬೀಜ ಸಂಗ್ರಹಿಸಿದ ಜಾಗವನ್ನು ಬರೆದಿಡುತ್ತಾರೆ. ಅದರ ಕೆಳಗೆ ಇನ್ನೊಂದು ಸಾಲು ಇರಬೇಕೆಂದು ನನಗನ್ನಿಸುತ್ತದೆ: ಆ ಜಾಗದಲ್ಲಿ ಈಗ ಏನಿದೆ.