ಹಳ್ಳದ ಸಂಬಳ ಹಿಡಿಯೋಕಾಗುತ್ತಾ?

ಫೆಬ್ರವರಿ ಕೊನೆಯಿಂದ ಮಾರ್ಚ್ ನಡುವಿನವರೆಗೆ ಆಲೂರು, ಬಾಳ್ಳುಪೇಟೆ, ಸಕಲೇಶಪುರದ ಕಾಫಿ ತೋಟಗಳಲ್ಲಿ ರಾತ್ರಿಯಿಡೀ ಒಂದು ಸದ್ದು ಇರುತ್ತದೆ. ಹಳ್ಳದ ದಂಡೆಯಲ್ಲಿ ಕೂತ ಡೀಸೆಲ್ ಎಂಜಿನ್ನಿನ ಸದ್ದು. ರೊಬಸ್ಟಾ ಗಿಡದ ಮೊಗ್ಗು ಅರಳಲು ಒಂದು ಹದವಾದ ಮಳೆ ಬೇಕು, ಅದಕ್ಕೆ ನಮ್ಮ ಕಡೆ ಹೂಮಳೆ ಎನ್ನುತ್ತಾರೆ. ಆಕಾಶ ಅದನ್ನು ಕೊಡದಿದ್ದರೆ ಒಂದು, ಒಂದೂವರೆ ಇಂಚು ಮಳೆಗೆ ಸಮನಾದ ನೀರನ್ನು ಸ್ಪ್ರಿಂಕ್ಲರ್ ಜೆಟ್ಟಿನಿಂದ ಸುರಿಸಬೇಕು. ಹೊತ್ತು ಮೀರಿದರೆ ಮೊಗ್ಗು ಒಣಗುತ್ತದೆ, ಮುಂದಿನ ಫಸಲು ಅಲ್ಲಿಗೆ ಮುಗಿಯಿತು. ಈ ಕೆಲವು ವಾರ ಎಂಜಿನ್ ಕೆಡುವಂತಿಲ್ಲ. ಅದು ಕೆಡುವುದೂ ಸಾಮಾನ್ಯವಾಗಿ ಆಗಲೇ.

ಈ ಎಂಜಿನ್ನು ತನ್ನನ್ನು ತಣ್ಣಗಿಟ್ಟುಕೊಳ್ಳುವ ರೀತಿ ಬಹಳ ಸರಳ. ಪಂಪು ಹಳ್ಳದಿಂದ ಎತ್ತಿದ ನೀರಿನಲ್ಲಿ ಒಂದು ಸಣ್ಣ ಪಾಲು, ಬೆರಳುಗಾತ್ರದ ಪೈಪಿನಲ್ಲಿ, ಎಂಜಿನ್ನಿನ ಕಡೆಗೆ ತಿರುಗುತ್ತದೆ. ಸಿಲಿಂಡರಿನ ಸುತ್ತಲಿನ ಟೊಳ್ಳಿನೊಳಗೆ (ಮೆಕ್ಯಾನಿಕ್‌ಗಳು ಅದಕ್ಕೆ ಜಾಕೆಟ್ ಎನ್ನುತ್ತಾರೆ) ಸುತ್ತಿ, ಹೆಡ್ಡಿನ ಮೂಲಕ ಮೇಲೇರಿ, ಬಿಸಿಯಾಗಿ ಹೊರಬಿದ್ದು ಮತ್ತೆ ಹಳ್ಳಕ್ಕೇ ಹೋಗುತ್ತದೆ. ರೇಡಿಯೇಟರ್ ಇಲ್ಲ, ಮೀಟರೂ ಇಲ್ಲ. ಹೊರಬೀಳುವ ನೀರಿಗೆ ಕೈ ಒಡ್ಡಿ ನೋಡುವುದೇ ಪರೀಕ್ಷೆ. ಕೈ ತಾಳಿದರೆ ಸರಿ, ತಾಳದಿದ್ದರೆ ಎಲ್ಲೋ ಏನೋ ಆಗಿದೆ. ನೀರು ತೀರಾ ತಣ್ಣಗೆ ಬಂದರೂ ಒಳ್ಳೆಯದಲ್ಲ, ಡೀಸೆಲ್ ಸರಿಯಾಗಿ ಉರಿಯುವುದಿಲ್ಲ. ಕಡಲಿನ ಹಾಯಿದೋಣಿಗಳ ಸಹಾಯಕ ಎಂಜಿನ್ನಿನದೂ ಇದೇ ಕಥೆ. ತಾನು ತೇಲುವ ನೀರನ್ನೇ ಒಳಗೆಳೆದುಕೊಂಡು ತಣಿಯುತ್ತದೆ. ಎಂಜಿನ್ ಚಾಲೂ ಮಾಡಿದ ದೋಣಿಯವನು ಮೊದಲು ಹಿಂಬದಿಗೆ ಬಗ್ಗಿ, ಹೊಗೆಕೊಳವೆಯಿಂದ ನೀರು ಚಿಮ್ಮುತ್ತಿದೆಯೇ ಎಂದು ನೋಡುತ್ತಾನಂತೆ. ಹಳ್ಳದ ದಂಡೆಯವನಿಗೆ ಅವನ ಭಾಷೆ ಬಾರದಿದ್ದರೂ ಆ ಬಗ್ಗಿ ನೋಡುವುದು ಅರ್ಥವಾದೀತು.

ನೀರು ಬರುತ್ತಿಲ್ಲ ಅಥವಾ ಸುಡುತ್ತಿದೆ ಎಂದಾಗ ಒಳ್ಳೆಯ ಮೆಕ್ಯಾನಿಕ್ ಹುಡುಕುವ ಕ್ರಮ ನನಗೆ ಬಹಳ ಇಷ್ಟ. ಅವನು ನೀರಿನ ದಾರಿಯಲ್ಲೇ ನಡೆಯುತ್ತಾನೆ. ಹಳ್ಳದಲ್ಲಿ ನೀರಿದೆಯೇ? ಫುಟ್‌ವಾಲ್ವಿನ ಜಾಲರಿಗೆ ಎಲೆ ಮೆತ್ತಿದೆಯೇ? ಸಕ್ಷನ್ ಪೈಪಿನ ಜೋಡಣೆಯಲ್ಲಿ ಗಾಳಿ ಎಳೆಯುತ್ತಿದೆಯೇ? ಸಣ್ಣ ಪೈಪು ಕಟ್ಟಿದೆಯೇ? ನೀರು ಚೆನ್ನಾಗಿ ಬಂದೂ ಸುಡುತ್ತಿದ್ದರೆ ಪ್ರಶ್ನೆ ಬೇರೆ: ಜಾಕೆಟ್ಟಿನೊಳಗೆ ಹೂಳು ಕೂತಿದೆಯೇ, ಇಂಜೆಕ್ಷನ್ನಿನ ಟೈಮಿಂಗ್ ತಪ್ಪಿದೆಯೇ, ಎಂಜಿನ್ನಿನ ಮೇಲೆ ಭಾರ ಹೆಚ್ಚಾಯಿತೇ? ಹೊರಬರುವ ನೀರಿನಲ್ಲಿ ಗುಳ್ಳೆ ಏಳುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಒಂದೊಂದನ್ನೇ ಸರಿಮಾಡಿ, ಪ್ರತಿ ಸಲವೂ ಮತ್ತೆ ಕೈ ಒಡ್ಡುತ್ತಾನೆ. ಮಲೆನಾಡಿನ ನೀರು ಮೆದು, ಬಯಲುಸೀಮೆಯಂತೆ ಒಳಗೆ ಸುಣ್ಣ ಕಟ್ಟುವುದಿಲ್ಲ. ಇಲ್ಲಿ ಕೂರುವುದು ಕೆಂಪು ಕೆಸರು, ತುಕ್ಕು, ಕೊಳೆತ ಎಲೆಯ ಚೂರು. ಇನ್ನೊಂದು ಎಚ್ಚರಿಕೆಯೂ ಇದೆ: ಕಾದ ಎಂಜಿನ್ನಿಗೆ ಗಾಬರಿಯಿಂದ ತಣ್ಣೀರು ಹುಯ್ಯಬಾರದು, ಹೆಡ್ಡು ಬಿರುಕು ಬಿಡುತ್ತದೆ.

ನನ್ನ ಪಿಎಚ್‌ಡಿ ವಿಷಯ ‘ಕಾರಣ’. ನ್ಯಾಯದರ್ಶನದಲ್ಲಿ ಕಾರಣ ಎಂದರೇನು ಎಂಬುದರ ಮೇಲೆ ನಾಲ್ಕು ವರ್ಷದಿಂದ ಓದುತ್ತಿದ್ದೇನೆ. ಈ ಪದ ಕನ್ನಡದಲ್ಲಿ ಎರಡು ಕೆಲಸ ಮಾಡುತ್ತದೆ. “ಜ್ವರಕ್ಕೆ ಸೊಳ್ಳೆ ಕಾರಣ” ಎನ್ನುತ್ತೇವೆ, “ಇದಕ್ಕೆಲ್ಲ ನೀನೇ ಕಾರಣ” ಎಂದೂ ಬೆರಳು ತೋರಿಸುತ್ತೇವೆ. ಮೊದಲನೆಯದು ವಿವರಣೆ, ಎರಡನೆಯದು ಆರೋಪ. ಒಂದರಿಂದ ಇನ್ನೊಂದಕ್ಕೆ ಜಾರುವುದು ಎಷ್ಟು ಸಲೀಸು ಎಂಬುದನ್ನು ನಾನು ನೋಡಿದ್ದು ಆಲೂರಿನ ಕಡೆ, ನಂಟರೊಬ್ಬರ ಸಣ್ಣ ತೋಟದಲ್ಲಿ.

ಎರಡು ವರ್ಷದ ಹಿಂದಿನ ಮಾರ್ಚ್. ರಾತ್ರಿ ಮೂರರ ಹೊತ್ತಿಗೆ ಎಂಜಿನ್ ಕಾದು ಪಿಸ್ಟನ್ ಹಿಡಿದುಕೊಂಡು ನಿಂತುಬಿಟ್ಟಿತು. ಪಂಪು ನೋಡಿಕೊಳ್ಳುತ್ತಿದ್ದ ಆಳು ನಿದ್ದೆ ಹೋಗಿದ್ದ. ಬೆಳಿಗ್ಗೆ ಮೆಕ್ಯಾನಿಕ್ ಬಂದು ಬಿಚ್ಚಿದ. ಜಾಲರಿಗೆ ಸಿಲ್ವರ್ ಓಕಿನ ಎಲೆ ಕಂಬಳಿಯ ಹಾಗೆ ಸುತ್ತಿಕೊಂಡಿತ್ತು. ಜಾಕೆಟ್ಟಿನೊಳಗೆ ಬೆರಳು ಹಾಕಿ ಕೆರೆದು ಕೆಸರು ತೆಗೆದು ತೋರಿಸಿದ, ಅದು ಒಂದು ರಾತ್ರಿಯಲ್ಲಿ ಕೂತದ್ದಲ್ಲ. ಮಧ್ಯಾಹ್ನದ ಹೊತ್ತಿಗೆ ತೀರ್ಮಾನವಾಯಿತು: ರಿಪೇರಿ ಖರ್ಚಿನಲ್ಲಿ ಅರ್ಧ ಆಳಿನ ಸಂಬಳದಲ್ಲಿ, ಕಂತಿನಲ್ಲಿ, ಹಿಡಿಯುವುದು.

ನಾನು ನಂಟರ ಹತ್ತಿರ ಒಂದಷ್ಟು ಕೇಳಿದೆ. ಎಂಜಿನ್ ರಾತ್ರಿಯೇ ಯಾಕೆ ಓಡಬೇಕಿತ್ತು? ಹಗಲು ಮೇಲಿನ ತೋಟದವರು ಪಂಪು ಹಾಕುತ್ತಾರೆ, ಹಳ್ಳದಲ್ಲಿ ನೀರು ನಿಲ್ಲುವುದಿಲ್ಲ, ಅವರು ನಿಲ್ಲಿಸಿದ ಮೇಲೆ ರಾತ್ರಿ ಗುಂಡಿ ತುಂಬುತ್ತದೆ. ಎಲೆ ಅಷ್ಟು ಯಾಕೆ ಬಂತು? ನೀರು ಕಮ್ಮಿ, ಹರಿವಿಲ್ಲ, ಫುಟ್‌ವಾಲ್ವು ತಳದಲ್ಲೇ ಕೂತಿತ್ತು. ನೀರು ಯಾಕೆ ಕಮ್ಮಿ? ಹಿಂದಿನ ವರ್ಷದ ಮಳೆ. ಆಳು ಯಾಕೆ ಮಲಗಿದ? ಹಗಲೂ ಕೆಲಸಕ್ಕೆ ಬಂದಿದ್ದ, ಅದು ಮೂರನೆಯ ರಾತ್ರಿ. ಜಾಕೆಟ್ ಯಾಕೆ ತೊಳೆಸಿರಲಿಲ್ಲ? ಅದಕ್ಕೆ ಉತ್ತರ ಬರಲಿಲ್ಲ. ಬದಲಿಗೆ ನಂಟರು ಕೇಳಿದರು: “ಅಲ್ಲ ಕಣೋ, ಹಳ್ಳದ ಸಂಬಳ ಹಿಡಿಯೋಕಾಗುತ್ತಾ?”

ನಾನು ನಗಲಿಲ್ಲ. ಅದು ಬಹಳ ಒಳ್ಳೆಯ ಪ್ರಶ್ನೆ. ತತ್ವಶಾಸ್ತ್ರದವರು ಸುತ್ತಿ ಬಳಸಿ ಹೇಳುವುದನ್ನು ಅವರು ಮೂರು ಮಾತಿನಲ್ಲಿ ಹೇಳಿದ್ದರು.

ನೈಯಾಯಿಕರಿಗೆ ಈ ತೊಂದರೆ ಗೊತ್ತಿತ್ತು. ಕಾರ್ಯಕ್ಕೆ ಮುಂಚೆ ಇದ್ದದ್ದೆಲ್ಲ ಕಾರಣವಾದರೆ ಲೆಕ್ಕ ಎಲ್ಲಿ ಮುಗಿಯಬೇಕು? ಮಡಕೆಗೆ ಮಣ್ಣು ಕಾರಣ, ಕುಂಬಾರ ಕಾರಣ, ಚಕ್ರ ತಿರುಗಿಸುವ ಕೋಲು ಕಾರಣ. ಕೋಲಿನ ಬಣ್ಣ? ಕುಂಬಾರನ ಅಪ್ಪ? ಮಣ್ಣು ಹೊತ್ತು ತಂದ ಕತ್ತೆ? ಇವುಗಳನ್ನೆಲ್ಲ ಅವರು ‘ಅನ್ಯಥಾಸಿದ್ಧ’ ಎಂದು ಪಕ್ಕಕ್ಕೆ ಇಡುತ್ತಾರೆ. ಅಂದರೆ ಇದ್ದವು ನಿಜ, ಆದರೆ ಮಡಕೆಯ ಮಟ್ಟಿಗೆ ಕಾರಣವೆಂದು ಹಿಡಿಯಬೇಕಾಗಿಲ್ಲ. ಕತ್ತೆಯ ಬದಲು ಗಾಡಿ ತಂದಿದ್ದರೂ ಮಡಕೆ ಆಗುತ್ತಿತ್ತು. (ಕತ್ತೆಯ ಬಗ್ಗೆ ನನಗೆ ಮೊದಲಿನಿಂದಲೂ ಒಂದು ಸಹಾನುಭೂತಿ ಇದೆ. ಅಷ್ಟು ಹೊತ್ತರೂ ಲೆಕ್ಕಕ್ಕಿಲ್ಲ.) ಶಾಸ್ತ್ರದಲ್ಲಿ ಈ ವಿಂಗಡಣೆಯನ್ನು ತರ್ಕ ಮಾಡುತ್ತದೆ. ತೋಟದಲ್ಲಿ ಮಾಡುವವರು ಯಾರು?

ಇಂಗ್ಲೆಂಡಿನ ಆರ್. ಜಿ. ಕಾಲಿಂಗ್‌ವುಡ್ 1940ರಲ್ಲಿ ಬಂದ ತನ್ನ ಮೆಟಫಿಸಿಕ್ಸ್ ಪುಸ್ತಕದಲ್ಲಿ ಕಾರಣ ಎಂಬ ಪದದ ಅರ್ಥಗಳನ್ನು ಬಿಡಿಸುತ್ತಾನೆ. ಅಲ್ಲಿ ಅವನು ಕೊಡುವ ಉದಾಹರಣೆ ಓದಿದಾಗ ನನಗೆ ಶಿರಾಡಿ ಘಾಟಿ ಕಣ್ಣಿಗೆ ಬಂತು. ಕಡಿದಾದ ಏರಿನಲ್ಲಿ ಕಾರು ನಿಂತಿದೆ. ದಾರಿಹೋಕನೊಬ್ಬ ಬಂದು, ಗುಡ್ಡದ ತುದಿ ಭೂಮಿಯ ನಡುವಿನಿಂದ ಹೆಚ್ಚು ದೂರ, ಏರಲು ಹೆಚ್ಚು ಶಕ್ತಿ ಬೇಕು, ಅದಕ್ಕೇ ನಿಂತಿದೆ ಎನ್ನುತ್ತಾನೆ. ಮಾತು ನಿಜ, ಆದರೆ ಉಪಯೋಗವಿಲ್ಲ. ಆಮೇಲೆ ಬಂದ ರಿಪೇರಿಯವನು ಬಾನೆಟ್ ಎತ್ತಿ ಕಳಚಿದ ಒಂದು ತಂತಿ ತೋರಿಸುತ್ತಾನೆ. ಈಗ ಕಾರಣ ಸಿಕ್ಕಿತು. ಕಾಲಿಂಗ್‌ವುಡ್ ಇಷ್ಟಕ್ಕೇ ನಿಲ್ಲಿಸುವುದಿಲ್ಲ. ನಾನು ಗುಡ್ಡವನ್ನು ಕಾಲಿನಿಂದ ತುಳಿದು ಮಟ್ಟ ಮಾಡಬಲ್ಲವನಾಗಿದ್ದರೆ ದಾರಿಹೋಕ ಗುಡ್ಡವನ್ನು ಕಾರಣ ಎಂದದ್ದೇ ಸರಿಯಾಗುತ್ತಿತ್ತು ಎನ್ನುತ್ತಾನೆ. ಈ ಅರ್ಥದಲ್ಲಿ ಕಾರಣ ಎಂದರೆ ನಮ್ಮ ಕೈಗೆ ಸಿಗುವ ಹಿಡಿಕೆ. ಕೈ ಬದಲಾದರೆ ಕಾರಣವೂ ಬದಲಾಗುತ್ತದೆ.

ನಂಟರು ಹೇಳಿದ್ದೂ ಅದೇ. ಹಳ್ಳಕ್ಕೆ ಹಿಡಿಕೆಯಿಲ್ಲ. ಮೇಲಿನ ತೋಟದವರಿಗೆ ಹಿಡಿಕೆ ಇದ್ದರೂ ಅದು ಇವರ ಕೈಗೆ ಎಟಕುವುದಿಲ್ಲ. ಹೋದ ವರ್ಷದ ಮಳೆಗೆ ಯಾರ ಕೈಯೂ ಎಟಕದು. ಉಳಿದದ್ದು ಆಳು. ಅವನಿಗೆ ಹಿಡಿಕೆ ಇದೆ, ಅದು ಸಂಬಳದ ಪುಸ್ತಕದಲ್ಲಿದೆ.

ಹಿಡಿಕೆ ಇದ್ದದ್ದೇ ಕಾರಣ ಎಂಬ ಮಾತು ರಿಪೇರಿಯವನ ಬಾಯಲ್ಲಿ ನಿರುಪದ್ರವಿ, ಯಜಮಾನನ ಬಾಯಲ್ಲಿ ಅಲ್ಲ. ಯಾವುದನ್ನು ಬದಲಾಯಿಸುವುದು ಅಗ್ಗವೋ ಅದೇ ಕಾರಣವಾಗುತ್ತದೆ. ಮನುಷ್ಯರಿರುವ ಕಡೆ ಅತ್ಯಂತ ಅಗ್ಗವಾಗಿ ಬದಲಾಯಿಸಬಹುದಾದ ಭಾಗ ಕೂಲಿಯವನೇ ಆಗಿರುತ್ತಾನೆ. ಇದು ಸರಪಳಿಯ ಕೆಳಗಡೆಯ ಕಥೆ. ಮೇಲ್ಗಡೆ ಇದೇ ತರ್ಕ ತಲೆಕೆಳಗಾಗುತ್ತದೆ. ಕಾಲಿಂಗ್‌ವುಡ್ ತಮಾಷೆಗೆ ಕಲ್ಪಿಸಿದ, ಗುಡ್ಡ ತುಳಿದು ಮಟ್ಟ ಮಾಡುವವನು ಈಗ ಇದ್ದಾನೆ. ಸಕಲೇಶಪುರದಿಂದ ಪಶ್ಚಿಮಕ್ಕೆ ಇಳಿಯುವ ಹೆದ್ದಾರಿ 75ರಲ್ಲಿ ಅವನ ಯಂತ್ರಗಳು ಗುಡ್ಡವನ್ನು ನೆಟ್ಟಗೆ ಕತ್ತರಿಸಿದ್ದನ್ನು ಯಾರೂ ನೋಡಬಹುದು. 2018ರ ಆಗಸ್ಟಿನಲ್ಲಿ ಘಾಟಿ ಕುಸಿದು ಬಹಳ ದಿನ ಮುಚ್ಚಿತು. 2022ರ ಜುಲೈಯಲ್ಲಿ ದೋಣಿಗಾಲಿನ ಹತ್ತಿರ ರಸ್ತೆಯೇ ಜಾರಿತು. 2024ರ ಜುಲೈಯಲ್ಲಿ ದೊಡ್ಡತಪ್ಪಲೆಯ ಬಳಿ ಗುಡ್ಡ ಕೆಳಗಿಳಿಯಿತು. ಪ್ರತಿ ಸಲ ಮೊದಲು ಕೇಳಿಬರುವ ಕಾರಣ: ವಿಪರೀತ ಮಳೆ. ಮಳೆಯ ಸಂಬಳ ಹಿಡಿಯಲಾಗುವುದಿಲ್ಲ. ಅದಕ್ಕೇ ಅದು ಅಲ್ಲಿ ಅಷ್ಟು ಅನುಕೂಲದ ಕಾರಣ. ತೋಟದಲ್ಲಿ ಹಿಡಿಕೆ ಇಲ್ಲವೆಂದು ಹಳ್ಳವನ್ನು ಬಿಟ್ಟೆವು, ಹೆದ್ದಾರಿಯಲ್ಲಿ ಹಿಡಿಕೆ ಇಲ್ಲವೆಂದೇ ಮಳೆಯನ್ನು ಆರಿಸಿಕೊಂಡೆವು. ತರ್ಕವೊಂದೇ ಆಗಿದ್ದರೆ ಎರಡೂ ಕಡೆ ಉತ್ತರ ಒಂದೇ ಥರ ಇರಬೇಕಿತ್ತು.

ಹಳ್ಳಗಳಿಗೂ ಈಗ ಹಿಡಿಕೆ ಬಂದಿದೆ ಎನ್ನಿ. ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳ ಪಶ್ಚಿಮದ ನೀರನ್ನು ಮೇಲೆತ್ತಿ ಪೂರ್ವದ ಜಿಲ್ಲೆಗಳಿಗೆ ಕಳಿಸುವ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು ಸಕಲೇಶಪುರ ತಾಲ್ಲೂಕಿನಲ್ಲೇ ಚಾಲನೆ ಸಿಕ್ಕಿತು. ಯೋಜನೆ ಸರಿಯೋ ತಪ್ಪೋ ಎಂಬ ವಾದ ಇಲ್ಲಿ ಬೇಡ, ಕೋಲಾರದಲ್ಲಿ ನೀರು ಕಾಯುವವರ ಬಾಯಾರಿಕೆ ಸುಳ್ಳಲ್ಲ. ನಾನು ಹೇಳುತ್ತಿರುವುದು ಇಷ್ಟೇ: ಹೊಳೆಯ ದಿಕ್ಕನ್ನೇ ತಿರುಗಿಸಬಲ್ಲವರ ಬಾಯಲ್ಲಿ ‘ಪ್ರಕೃತಿ ವಿಕೋಪ’ ಎಂಬ ಪದವನ್ನು ಮುಂಚಿನ ಹಾಗೆ ಸುಮ್ಮನೆ ಒಪ್ಪಲಾಗುವುದಿಲ್ಲ.

ಹಾಗಾದರೆ ಆಳು ನಿರಪರಾಧಿಯೇ? ಇಲ್ಲಿ ನನಗೆ ನಿಜವಾದ ತೊಡಕಿದೆ. ಮೂರು ರಾತ್ರಿ ನಿದ್ದೆಗೆಟ್ಟವನು ಮಲಗುವುದು ಸಿಲ್ವರ್ ಓಕ್ ಎಲೆ ಉದುರಿಸಿದಷ್ಟೇ ಸಹಜ, ಯೋಜನೆ ಹಾಕಿದವನು ಎರಡನ್ನೂ ನಿರೀಕ್ಷಿಸಬೇಕಿತ್ತು ಎಂದು ನಾನು ವಾದಿಸಬಲ್ಲೆ. ಆದರೆ ಹಾಗೆ ವಾದಿಸುವಾಗ ಅವನನ್ನು ಎಲೆಯ ಸಾಲಿಗೆ ಸೇರಿಸುತ್ತೇನೆ. ಪಿ. ಎಫ್. ಸ್ಟ್ರಾಸನ್ 1962ರ ಒಂದು ಪ್ರಸಿದ್ಧ ಲೇಖನದಲ್ಲಿ ಈ ಅಪಾಯವನ್ನು ಹೇಳುತ್ತಾನೆ. ಒಬ್ಬರ ಮೇಲೆ ಸಿಟ್ಟಾಗುವುದನ್ನು ಪೂರ್ತಿ ಬಿಟ್ಟು, ಅವರನ್ನು ಬರೀ ನಿಭಾಯಿಸಬೇಕಾದ ವಸ್ತುವಾಗಿ ನೋಡಿದರೆ, ಮನುಷ್ಯರೊಡನೆ ಇರಬೇಕಾದ ಸಂಬಂಧವೇ ಕಳಚಿಹೋಗುತ್ತದೆ. ಆ ದಿನ ಆಳು ತಾನಾಗಿಯೇ ಹೇಳಿದ್ದ: “ಕೈ ಒಡ್ಡಿ ನೋಡ್ಬೇಕಿತ್ತು, ನೋಡ್ಲಿಲ್ಲ. ನಂದೇ ತಪ್ಪು.” ಇಲ್ಲಪ್ಪಾ, ನಿನ್ನದೇನೂ ತಪ್ಪಿಲ್ಲ, ನೀನು ಪರಿಸ್ಥಿತಿಯ ಕೂಸು ಎಂದು ನಾನು ಹೇಳಿದ್ದರೆ ಅದು ಕರುಣೆಯಂತೆ ಕಂಡರೂ ಅವಮಾನವೇ. ವರ್ಷಗಟ್ಟಲೆ ಎಂಜಿನ್ ನೋಡಿಕೊಂಡವನಿಗೆ ತನ್ನ ಕೆಲಸದ ಬಗ್ಗೆ ಇರುವ ಮರ್ಯಾದೆ ಆ “ನಂದೇ ತಪ್ಪು” ಎಂಬುದರಲ್ಲಿತ್ತು.

ಆದರೆ ಅವನ ಮಾತನ್ನು ಕೇಳಿಸಿಕೊಂಡವರು ಅದನ್ನು ಬೇರೆ ಮಾತಿಗೆ ಬದಲಾಯಿಸಿಕೊಂಡರು. ತಪ್ಪು ಒಪ್ಪಿಕೊಂಡದ್ದು ಒಂದು, ಕಾರಣ ಸಿಕ್ಕಿತು ಎಂದು ಹುಡುಕಾಟ ನಿಲ್ಲಿಸಿದ್ದು ಇನ್ನೊಂದು. ಅವನು ಒಪ್ಪಿಕೊಂಡದ್ದು ತನ್ನ ಪಾಲನ್ನು. ಅದರಿಂದ ಜಾಕೆಟ್ಟಿನ ಕೆಸರು ಕರಗಲಿಲ್ಲ. ತಪ್ಪನ್ನು ಒಪ್ಪಿಕೊಳ್ಳುವವನು ಇರುವಲ್ಲಿ ಉಳಿದವರ ಪಾಲು ಕೇಳುವವರೇ ಇರುವುದಿಲ್ಲ. ಒಪ್ಪಿಕೊಳ್ಳುವುದು ಹೆಚ್ಚಾಗಿ ಕೆಳಗಿನವರ ಅಭ್ಯಾಸ, ಮೇಲಿನವರು ವರದಿ ತರಿಸುತ್ತಾರೆ.

ನನಗೆ ಸದ್ಯಕ್ಕೆ ಒಪ್ಪಿಗೆಯಾಗುವ ಅಳತೆ ಮೆಕ್ಯಾನಿಕ್ಕನದೇ. ಅವನು ಕಾರಣ ಎಂದು ಏನನ್ನು ತೋರಿಸಿದರೂ ಅದನ್ನು ಸರಿಮಾಡಿ, ಮತ್ತೆ ಎಂಜಿನ್ ಹಾಕಿ, ನೀರಿಗೆ ಕೈ ಒಡ್ಡುತ್ತಾನೆ. ಬಿಸಿ ಇಳಿಯದಿದ್ದರೆ ಅದು ಕಾರಣವಾಗಿರಲಿಲ್ಲ, ಅಥವಾ ಅದೊಂದೇ ಆಗಿರಲಿಲ್ಲ. ಸಂಬಳ ಹಿಡಿದ ಮೇಲೆ ನೀರು ತಣ್ಣಗಾಯಿತೇ? ಮುಂದಿನ ರಾತ್ರಿ ಅದೇ ಗುಂಡಿಯಲ್ಲಿ, ಅದೇ ಎಲೆಯ ನಡುವೆ, ನಿದ್ದೆಯಿಲ್ಲದ ಇನ್ನೊಬ್ಬನನ್ನು ಕೂರಿಸಿದರೆ ಏನಾಗುತ್ತದೆ ಎಂದು ಹೇಳಲು ದರ್ಶನಶಾಸ್ತ್ರ ಬೇಕಿಲ್ಲ. ಶಿಕ್ಷೆ ನ್ಯಾಯವೇ ಎಂಬುದು ಬೇರೆ ಪ್ರಶ್ನೆ, ಅದನ್ನು ಬೇರೆಯಾಗಿಯೇ ಕೇಳಬೇಕು. ಆಗ ಜಾಕೆಟ್ ತೊಳೆಸದವರ ಹೆಸರೂ ಅದೇ ಹಾಳೆಯಲ್ಲಿ ಬರೆಯಬೇಕಾಗುತ್ತದೆ. ಈ ಅಳತೆಗೂ ಮಿತಿ ಇದೆ ಎಂದು ಗೊತ್ತು. ಕುಸಿದ ಗುಡ್ಡವನ್ನು ಮತ್ತೆ ನಿಲ್ಲಿಸಿ, ಮಳೆ ಸುರಿಸಿ, ಈ ಸಲ ಇಳಿಜಾರಾಗಿ ಕತ್ತರಿಸಿ ನೋಡಲು ಆಗುವುದಿಲ್ಲ. ಅಲ್ಲಿ ಪರೀಕ್ಷೆ ಒಂದೇ ಸಲ, ಅದೂ ರಸ್ತೆಯಲ್ಲಿ ಹೋಗುವವರ ಮೇಲೆ.

ನಾನಿದನ್ನು ನಂಟರಿಗೂ ಹೇಳಿದೆ. ಅವರು ಕೆಟ್ಟವರಲ್ಲ, ಕೇಳಿಸಿಕೊಂಡರು. ಬೆಲೆ ಬಿದ್ದ ವರ್ಷಗಳ ಸಾಲ ಇನ್ನೂ ತೀರಿಲ್ಲ ಎಂದರು. ಅದೂ ಸರಪಳಿಯ ಒಂದು ಕೊಂಡಿಯೇ. ಆಳು ಎರಡು ಕಂತು ಕೊಟ್ಟು ಬಾಳ್ಳುಪೇಟೆ ಕಡೆಯ ಇನ್ನೊಂದು ತೋಟಕ್ಕೆ ಹೋದ. ಫುಟ್‌ವಾಲ್ವಿನ ಸುತ್ತ ಇಳಿಸಲು ತೂತು ಕೊರೆದ ಪ್ಲಾಸ್ಟಿಕ್ ಡ್ರಮ್ಮು, ಅದಕ್ಕೆ ಸುತ್ತುವ ಸೊಳ್ಳೆಪರದೆ, ಮುಂದಿನ ಜನವರಿಯಲ್ಲಿ ಬಂದವು. ರಾತ್ರಿ ಪಾಳಿಗೆ ಈಗಲೂ ಒಬ್ಬನೇ.